ಹತ್ತದ ಬಲ್ಬು

ಕೇಳ್ರಿಲ್ಲೆ ದೋಸ್ತರ, ಇವತ್ತ ಖಾನಾಪುರದ ಮೌಶಿ ಮನ್ಯಾಗ ನಾ ಕುಣಿಯೂದೊಂದು ಬಾಕಿ ಇತ್ತು. ಯಾಕಂದ್ರ ನನ್ನ ಬಲ್ಬ್ ಹತ್ತಲಿಲ್ಲ!

ಮೌಶಿ ಗಂಡ, ನಮ್ಮ ಕಾಕಾನ ಉಸಿರಾಟದ ಮಷೀನು ಅವರ ಹಳೇ ಇನ್ವರ್ಟರ್ ಮ್ಯಾಲ ನಡೀತಿರಲಿಲ್ಲ. ಕರೆಂಟ್ ಹೋದ್ರ ಮನಿಮಂದಿಗೆಲ್ಲ ಜೀವ ಕೈಯಾಗ. ಅದಕ್ಕ ಬೆಳಗಾವ್ಯಾಗ ಕುಂತು, ಲೈನಿನ ಕರೆಂಟಿನಂಗ ನಯವಾದ ಕರೆಂಟ್ ಕೊಡೂ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಸರ್ಕ್ಯೂಟ್ ನಾನ ಡಿಸೈನ್ ಮಾಡಿದೆ. ಮೂರು ಬೋರ್ಡ್ ಸುಟ್ಟು ಹೋದ್ವು. ಇವತ್ತ ಮೌಶಿ ಮನಿಗೆ ತಂದದ್ದು ನಾಕನೇದು.

ಬ್ಯಾಟರಿಗೂ ಬೋರ್ಡಿಗೂ ನಡುವ ಒಂದು ಕಾರಿನ ಬಲ್ಬ್ ಕಟ್ಟಿದೆ. ಒಳಗ ಶಾರ್ಟ್ ಇದ್ರ ಅದು ಝಗ್ ಅಂತ ಹತ್ತತೈತಿ, ಹತ್ತಲಿಲ್ಲಂದ್ರ ಬೋರ್ಡ್ ಪಾಸ್. ಸ್ವಿಚ್ ಒತ್ತಿದೆ. ಬಲ್ಬ್ ಒಮ್ಮೆ ಮಿಣುಕಿ ಆರಿತು. "ಗೆದ್ದೆ!" ಅಂತ ಒದರಿದೆ.

ಶಿರಾ ಮಾಡ್ಕೊಂಡು ಕಾಯ್ತಿದ್ದ ಮೌಶಿ ಮಾರಿ ಆರಿದ ಬಲ್ಬ್ ನೋಡಿ ಸಣ್ಣದಾತು. "ಹೋಗಲಿ ಬಿಡವಾ, ಮನಸಿಗೆ ಹಚ್ಕೋಬ್ಯಾಡ. ಮೊದಲ ಶಿರಾ ತಿನ್ನು."

ಬಲ್ಬ್ ತಗದು, ಬ್ಯಾಟರಿ ನೇರ ಬೋರ್ಡಿಗೆ ಕೊಟ್ಟು ಕಾಕಾನ ಮಷೀನ್ ಹಚ್ಚಿದೆ. ಎರಡು ತಾಸು ತಕರಾರಿಲ್ಲದ ನಡೀತು. ಕಾಕಾ ಹಂಗ ನಿದ್ದಿ ಹೋದ. ನನಗೂ ಉಸಿರು ಬಂತು.

ಹೊರಡೂ ಮುಂದ ಮೌಶಿ ಬಾಜು ಮನಿಯಾಕಿಗೆ ಹೇಳೂದು ಕೇಳಿಸ್ತು: "ಮಷೀನೇನೋ ಛಲೋ ನಡಸಿದ್ಳು ನೋಡ್ರಿ. ಬಲ್ಬ್ ಒಂದ ಹತ್ತಲಿಲ್ಲ, ಪಾಪ."