ಗಂಗವ್ವನ ಕೊಸರು

ನಿನ್ನೆ ನವನಗರದಲ್ಲಿ ಹೊಸದಾಗಿ ತೆರೆದ ಅಂಗಡಿಗೆ ಸಕ್ಕರೆಗೆಂದು ಹೋಗಿದ್ದೆ. ಅಲ್ಲಿಯ ಹುಡುಗಿ ನನ್ನ ಚೀಲಕ್ಕೆ ತಾನಾಗಿ ಒಂದು ಮೊಸರಿನ ಪ್ಯಾಕೆಟ್ ಹಾಕಿ, "ಫ್ರೀ ಐತ್ರಿ ಅಜ್ಜಿ, ಈ ತಿಂಗಳು ಪೂರಾ," ಎಂದಳು. ಥ್ಯಾಂಕ್ಯೂ ಎನ್ನಲು ನನಗೆ ಬಾಯಿ ಬರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಕಷ್ಟಪಟ್ಟು ಕಲಿಸಿದ್ದರಲ್ಲಿ ನನಗೆ ಉಳಿದಿದ್ದ ಒಂದೇ ವಿದ್ಯೆ, ಅದೂ ಕೈಕೊಟ್ಟಿತು. ಪುಕ್ಕಟೆ ಮೊಸರು ಕಂಡರೆ ನನಗೆ ಈ ವಯಸ್ಸಿನಲ್ಲೂ ಸಿಟ್ಟು ಬರುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ಅರವತ್ತರ ದಶಕದ ಮೊದಲ ವರ್ಷಗಳು. ನಾವು ಸಪ್ತಾಪುರದಲ್ಲಿದ್ದೆವು. ಅಮ್ಮಿನಬಾವಿಯಿಂದ ಗಂಗವ್ವ ಮೊಸರಿನ ಗಡಿಗೆ ಹೊತ್ತು ಬರುತ್ತಿದ್ದಳು. ಗಂಡನಿಲ್ಲದ ಹೆಂಗಸು, ಒಂದೇ ಎಮ್ಮೆ, ಅದರ ಮೇಲೆಯೇ ಅವಳ ಸಂಸಾರ. ಅಳೆದು ಹಾಕಿದ ಮೇಲೆ, ಗಡಿಗೆ ಮುಚ್ಚುವ ಮೊದಲು, ಮತ್ತೊಂದು ಸೌಟು ಕೊಸರು ಹಾಕುವಳು. ನಮ್ಮ ಅಜ್ಜಿ ಅಳತೆಗಿಂತ ಹೆಚ್ಚಾಗಿ ಕಾಯುತ್ತಿದ್ದುದು ಆ ಕೊಸರನ್ನೇ. ಎಷ್ಟು ಹಾಕಿದರೂ ನಿನ್ನ ಕೈ ಸಣ್ಣದಾಯಿತು ಎನ್ನದೆ ಬಿಟ್ಟವರಲ್ಲ.

"ಕೈ ಸಣ್ಣದಲ್ಲರಿ ಬಾಯಾರ, ನಿಮ್ಮ ಪಾತೇಲಿ ದೊಡ್ಡದು," ಎಂದು ಗಂಗವ್ವ ಸೆರಗು ಬಾಯಿಗೊತ್ತಿ ನಗುವಳು.

ಆಗ ಹುಬ್ಬಳ್ಳಿಯ ಹತ್ತಿ ಸಾಹುಕಾರನೊಬ್ಬ ನಮ್ಮ ಓಣಿಯ ತುದಿಗೆ ಮೊಸರಿನ ಅಂಗಡಿ ತೆಗೆದ. ಗಂಗವ್ವನ ದರದ ಅರ್ಧಕ್ಕೇ ಮೊಸರು. ಹತ್ತಿಯ ಲಾಭದಿಂದ ಮೊಸರಿನ ನಷ್ಟ ತುಂಬಿಸಿಕೊಳ್ಳುತ್ತಾನೆಂದು ಎಲ್ಲರೂ ಆಡಿಕೊಂಡರು. ಯಾಕೆ ಹಾಗೆ ಮಾಡುತ್ತಾನೆಂದು ಮಾತ್ರ ಒಬ್ಬರೂ ಕೇಳಲಿಲ್ಲ. ನಮ್ಮಪ್ಪ ಕಾಲೇಜಿನಲ್ಲಿ ಇಕನಾಮಿಕ್ಸ್ ಹೇಳುತ್ತಿದ್ದವರು. ಇದಕ್ಕೆ ಕಾಂಪಿಟಿಶನ್ ಎನ್ನುತ್ತಾರೆ, ಕೊಳ್ಳುವವನೇ ಕಿಂಗ್ ಎಂದು ಊಟಕ್ಕೆ ಕುಳಿತಾಗ ವಿವರಿಸಿದರು. ಆ ಕಿಂಗ್ ನಮ್ಮಪ್ಪನೇ ಎಂದು ನನಗೆ ಹೆಮ್ಮೆ. ಇನ್ನೊಂದು ತುತ್ತು ಅನ್ನಕ್ಕೂ ಅವರು ಅಜ್ಜಿಯ ಮುಖ ನೋಡುತ್ತಿದ್ದರು, ಆ ಮಾತು ಬೇರೆ.

ಅಜ್ಜಿ ಗಂಗವ್ವನನ್ನು ಬಿಡಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದರು. ಅಂಗಡಿಯ ದರಕ್ಕೇ ಕೊಡು, ಆದರೆ ಕೊಸರು ತಪ್ಪಿಸಬೇಡ ಎಂದರು. ಓಣಿಯ ಹೆಂಗಸರೆಲ್ಲ ಅದೇ ರಾಗ ಹಿಡಿದರು. ಅಂಗಡಿಯವನ ಹತ್ತಿರ ಕೊಸರು ಕೇಳುವ ಧೈರ್ಯ ಮಾತ್ರ ಒಬ್ಬರಿಗೂ ಇರಲಿಲ್ಲ. ಗಂಗವ್ವ ಕೆಲಕಾಲ ಹಾಗೆಯೂ ಕೊಟ್ಟಳು. ಒಂದು ಬೆಳಗ್ಗೆ ಅಳೆದು ಹಾಕಿ, ಗಡಿಗೆಯ ಬಾಯಿಗೆ ಕೈ ಅಡ್ಡವಿಟ್ಟು ಕುಳಿತಳು. ಅಜ್ಜಿ ಪಾತೇಲಿಯನ್ನು ಹಿಂದೆಗೆಯಲಿಲ್ಲ.

"ಎಮ್ಮಿಗೆ ಹಿಂಡಿ ಹಾಕಿ ಭಾಳ ದಿನ ಆತ್ರಿ ಬಾಯಾರ," ಎಂದಳು ಗಂಗವ್ವ. "ಅದರ ಹೊಟ್ಟ್ಯಾಗಿಂದ ತಗದು ಕೊಸರು ಹಾಕ್ಲೇನ್ರಿ?"

ಅಜ್ಜಿ ದರ ಏರಿಸಲಿಲ್ಲ. ದಸರೆಗೆ ಮುಂಚೆಯೇ ಗಂಗವ್ವ ಎಮ್ಮೆ ಮಾರಿದಳೆಂದು ಸುದ್ದಿ ಬಂತು. ಕೊಂಡವನು ಯಾರು ಗೊತ್ತೆ? ಅದೇ ಸಾಹುಕಾರ.

ಆಮೇಲೆ ನೋಡಿ ತಮಾಷೆ. ಅಂಗಡಿಯ ದರ ಏರುತ್ತ ಏರುತ್ತ ಗಂಗವ್ವನ ಹಳೆಯ ದರವನ್ನೂ ದಾಟಿತು. ಅಪ್ಪ ಕಿಂಗ್ ಎಂಬ ಶಬ್ದ ಬಿಟ್ಟು ಗವರ್ನಮೆಂಟ್ ಎಂಬ ಶಬ್ದ ಹಿಡಿದು ಸಾಹೇಬರ ಕಚೇರಿಗೆ ಓಡಾಡಿದರು. ಸಾಹೇಬರು ಜೀಪಿನಲ್ಲಿ ಬಂದು ದರ ಗೊತ್ತುಮಾಡಿ, ಬೋರ್ಡು ಹಾಕಿಸಿ ಹೋದರು. ಬೋರ್ಡಿನ ಮೇಲೆ ದರ ಇಳಿಯಿತು, ಪಾತ್ರೆಯಲ್ಲಿ ಮೊಸರು ನೀರಾಯಿತು. ಗಟ್ಟಿ ಮೊಸರು ಹಿಂಬಾಗಿಲಿನಿಂದ, ಬೇಕಾದವರಿಗೆ ಮಾತ್ರ. ಸರಕಾರ ಬಂದದ್ದು ಖರೆ. ಆದರೆ ಎಮ್ಮೆ ಕೊಟ್ಟಿಗೆಯಲ್ಲಿದ್ದಾಗ ಬರಬೇಕಿತ್ತು. ನಾವು ಬೇರೆ ಎಲ್ಲಿ ಕೊಳ್ಳುವುದಿತ್ತು? ಅಮ್ಮಿನಬಾವಿಯ ದಾರಿಯಲ್ಲಿ ಗಡಿಗೆ ಹೊತ್ತವರೇ ಇರಲಿಲ್ಲ.

ಕೊಸರೂ ಪುಕ್ಕಟೆಯೇ ಅಲ್ಲವೆ ಎಂದು ನೀವು ಕೇಳಬಹುದು. ಗಂಗವ್ವ ಕೊಟ್ಟದ್ದು ತನ್ನ ಮೊಸರನ್ನು. ಸಾಹುಕಾರ ಅಗ್ಗದ ಮೊಸರೆಂದು ಓಣಿಗೆಲ್ಲ ಹಂಚಿದ್ದು ಗಂಗವ್ವನ ಎಮ್ಮೆಯನ್ನು.

ನಿನ್ನೆ ಆ ಪ್ಯಾಕೆಟ್ ತೆಗೆದು ಕೌಂಟರಿನ ಮೇಲಿಟ್ಟೆ. ಹುಡುಗಿ ನನ್ನನ್ನು ಅರಳುಮರಳು ಮುದುಕಿ ಎಂದುಕೊಂಡಿರಬೇಕು, ಇರಲಿ. ಹೊರಗೆ ರಸ್ತೆಯ ಬದಿಗೆ ಮೊಸರಿನ ಗಡಿಗೆ ಇಟ್ಟುಕೊಂಡು ಒಬ್ಬಳು ಕುಳಿತಿದ್ದಳು. ಮೊಣಕಾಲು ಪ್ರೊಟೆಸ್ಟ್ ಮಾಡಿದರೂ ಅವಳೆದುರು ಕುಳಿತು, ಅವಳು ಹೇಳಿದ ದರಕ್ಕೇ ಕೊಂಡೆ. ಮೊಸರು ತುಂಬಿದ ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟುವ ಮೊದಲು ಅವಳ ಸೌಟು ಮತ್ತೆ ಗಡಿಗೆಗೆ ಇಳಿಯಿತು. ಬೇಡವೆಂದು ನಾನು ಅವಳ ಕೈ ಹಿಡಿದೆ.

"ಸುಮ್ಮ ಕೂಡ್ರಿ ಅಜ್ಜಿ, ಗಡಿಗಿ ನಂದು," ಎಂದು ಅವಳು ಹಾಕಿಯೇ ಬಿಟ್ಟಳು.