ಮಚ್ಚೆ ಕೆಂಪಾದಾಗ

ಅವ್ವನ ಬಲ ಮೊಣಕೈ ಹತ್ತಿರ ಒಂದು ಬಿಳಿಚಿದ ಮಚ್ಚೆ ಇತ್ತು. ಚಿವುಟಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಕುಷ್ಠ ಅಂತ ತಿಳಿದ ಮೇಲೆ ತಿಂಗಳಿಗೊಮ್ಮೆ ಗುಳಿಗೆಗೆ ಬಸ್ ಹತ್ತಿ ರೋಣಕ್ಕೆ ಹೋಗತೊಡಗಿದಳು. ನಮ್ಮ ಗಜೇಂದ್ರಗಡದಲ್ಲೂ ಸಿಗುತ್ತಿತ್ತು. ಆದರೆ ಇಲ್ಲಿ ಪಾಳಿ ಹಚ್ಚಿ ನಿಂತವರಲ್ಲಿ ಅವಳು ನೇಯ್ದ ಸೀರೆ ಉಟ್ಟವರೇ ಇರುತ್ತಾರಲ್ಲ.

ನಾನು ಕಾಲೇಜಿನಲ್ಲಿ ವಿಜ್ಞಾನ ಓದಿದವಳಲ್ಲ. ಅವ್ವನ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾ ಮೊಬೈಲಿನಲ್ಲೇ ಕಲಿತೆ. ರಕ್ತದಲ್ಲಿ ಸಹಾಯಕ ಟಿ ಕಣ ಅಂತ ಇವೆ. ಮೊದಮೊದಲು ಅವಕ್ಕೆ ತಮ್ಮ ಕೆಲಸ ಯಾವುದೆಂದೇ ತಿಳಿದಿರುವುದಿಲ್ಲ. ಸುತ್ತಲಿನ ಕಣಗಳು ಸೈಟೊಕೈನ್ ಎಂಬ ಅಣುಗಳನ್ನು ಬಿಡುತ್ತವೆ. ಯಾವ ಅಣು ತಾಗಿತೋ ಅದರಂತೆ ಟಿ ಕಣದ ದಾರಿ. ಒಂದು ಬಗೆಯದು ತಾಗಿದರೆ ಆ ಟಿ ಕಣ, ಜೀವಕೋಶದೊಳಗೆ ಅಡಗಿ ಕೂತ ಕುಷ್ಠದ ರೋಗಾಣುವನ್ನೂ ಕೊಲ್ಲಿಸುತ್ತದೆ. ಇನ್ನೊಂದು ತಾಗಿದರೆ ಪ್ರತಿಕಾಯ ಹೆಚ್ಚಿಸುತ್ತದೆ, ಅಡಗಿದ ರೋಗಾಣುವಿಗೆ ಅದು ಮುಟ್ಟುವುದೇ ಇಲ್ಲ. ಅದಕ್ಕೇ ಒಂದೇ ರೋಗಾಣುವಿನಿಂದ ಒಬ್ಬರಿಗೆ ಒಂದೇ ಮಚ್ಚೆ, ಇನ್ನೊಬ್ಬರಿಗೆ ಮೈತುಂಬ! ಇದನ್ನು ಓದಿದ ದಿನ ನನಗೆ ಊಟ ನೆನಪಾಗಲಿಲ್ಲ.

ಮೂರನೇ ತಿಂಗಳು ಮಚ್ಚೆ ಕೆಂಪಗೆ ಉಬ್ಬಿತು. ಮೊಣಕೈ ಸಿಡಿಯತೊಡಗಿತು.

“ಗುಳಿಗಿ ಮೈಗೆ ಹತ್ತವಲ್ದೇನ ಯವ್ವಾ? ಬಿಟ್ ಬಿಡ್ಲಿ?” ಅಂದಳು ಅವ್ವ.

“ಬಿಡಬ್ಯಾಡಬೇ. ಇದು ಚಲೋ ಲಕ್ಷಣ. ಕಣಕ್ಕ ಖರೇ ಸುದ್ದಿ ಮುಟ್ಟೇತಿ, ರೋಗಾಣು ಹೊಡ್ಯಾಕ ಹತ್ಯಾವು.”

“ಹೊಡ್ಯಾವ್ರಿಗೆ ಸ್ವಲ್ಪ ಸಾವಕಾಶ ಹೊಡೀರಿ ಅನ್ನು. ನಂದೂ ಕೈ ಐತಿ ಅಲ್ಲಿ.”

ನಾನು ನಕ್ಕೆ.

“ರೋಣಕ್ಕರ ಹೋಗಿ ಬರ್ಲೇನು?”

“ಮುಂದಿನ ಗುಳಿಗೀಗೆ ಹ್ಯಾಂಗೂ ಹೋಗ್ತೀಯಲ್ಲ. ಅಷ್ಟರಾಗ ಆರಾಮ ಆಕ್ಕೈತಿ.”

ಮೂರು ವಾರ ಅವ್ವ ಹಲ್ಲು ಕಚ್ಚಿ ನೇಯ್ದಳು. ಆಮೇಲೆ ಇಬ್ಬರೂ ಹೋದೆವು. ಡಾಕ್ಟರ್ ಅವಳ ಉಂಗುರಬೆರಳು, ಕಿರುಬೆರಳಿನ ನಡುವೆ ಒಂದು ಚೀಟಿ ಇಟ್ಟು ಗಟ್ಟಿಯಾಗಿ ಹಿಡಿಯಲು ಹೇಳಿ ಎಳೆದರು. ಚೀಟಿ ಸುಮ್ಮನೆ ಬಂದುಬಿಟ್ಟಿತು.

“ಕೆಂಪಾಗಿ ಎಷ್ಟು ದಿನ ಆತು?”

“ಮೂರು ವಾರ ಆತ್ರಿ. ಮಗಳು ಚಲೋ ಲಕ್ಷಣ ಅಂದ್ಳು.”

ನಾನು ಓದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಡಾಕ್ಟರ್ ಬೈಯಲಿಲ್ಲ. “ಖರೇನ ಓದೀಯವ್ವಾ. ಆದ್ರ ಆ ರೋಗಾಣು ಕುಂತದ್ದು ಮೊಣಕೈಯಿಂದ ಬೆರಳಿಗೆ ಹೋಗು ನರದಾಗ. ಅದನ್ನ ಹೊಡೀತ ಹೊಡೀತ ನರಾನೂ ಹೊಡೀತಾವ. ಕೆಂಪಾದ ದಿನಾನ ಬಂದಿದ್ರ ಬಾವು ಇಳಸಾಕ ಬ್ಯಾರೆ ಗುಳಿಗಿ ಕೊಡ್ತಿದ್ದೆ,” ಅಂದರು.

ಅವತ್ತೇ ಕೊಟ್ಟರು. ಬಾವು ಇಳಿಯಿತು, ತಿಂಗಳುಗಳ ಮೇಲೆ ರೋಗವೂ ಹೋಯಿತು. ಆ ಎರಡು ಬೆರಳು ಮಾತ್ರ ಶಕ್ತಿ ಹೋಗಿ ಬಾಗಿದವು, ಬಾಗಿದಂತೆಯೇ ಉಳಿದವು. ಮಗ್ಗದ ಮೇಲೆ ಕೈ ಆಡಿಸಿದರೆ ಕಿರುಬೆರಳು ಎಳೆಗೆ ಸಿಕ್ಕಿ ಎಳೆ ಹರಿಯುತ್ತದೆ. ಹರಿದದ್ದನ್ನು ಗಂಟು ಹಾಕಲು ಅವಳಿಗೆ ಆಗುವುದಿಲ್ಲ.

“ಬೆರಳಿಗೇನಾತಬೇ?” ಅಂತ ಪಕ್ಕದ ಮನೆಯಾಕೆ ಕೇಳಿದಾಗ, “ಬಿದ್ದಿದ್ನಿ” ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ಬಾ ಯವ್ವಾ, ಮತ್ತ ಹರೀತು.”

ಎದ್ದು ಹೋಗಿ ಗಂಟು ಹಾಕಿದೆ. ಅವ್ವ ಹಾಕಿದ ಗಂಟು ಎಲ್ಲಿದೆ ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನದು ದಪ್ಪ, ಸೀರೆ ಮಡಚಿದರೂ ಕಾಣುತ್ತದೆ.