ಬಾಟಲಿಯ ಹಸಿರು

ನಾಚಾರಂನಲ್ಲಿ ನಮ್ಮ ಮೇಲಿನ ಮನೆಯಲ್ಲಿ ಒಬ್ಬರೇ ಇದ್ದ ಹಿರಿಯರು ಬಾಲ್ಕನಿಯಲ್ಲಿ ಆರು ಬಾಟಲಿ ಉಪ್ಪುನೀರು ಇಟ್ಟಿದ್ದರು. ಅವುಗಳೊಳಗೆ ಸಾಸಿವೆಗಿಂತ ಸಣ್ಣ ಜೀವಿಗಳು ಪುಟಿಯುತ್ತಿದ್ದವು. ಕೊಪೆಪಾಡ್ ಎನ್ನುತ್ತಿದ್ದರು. ಅವರ ಅಕ್ವೇರಿಯಂನಲ್ಲಿದ್ದ ಸಮುದ್ರದ ಮೀನು ಇವನ್ನಲ್ಲದೆ ಬೇರೇನೂ ತಿನ್ನುತ್ತಿರಲಿಲ್ಲ. ಇವಕ್ಕೆ ಪಾಚಿಯ ಹಸಿರು ನೀರೇ ಊಟ. ದಿನಾ ಬೆಳಿಗ್ಗೆ ಅವರು ಬಾಟಲಿಗಳನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ಹಸಿರು ತೆಳು ಆತಂದ್ರ ಹಸಿದಾವಂತ ತಿಳ್ಕೊ ತಂಗಿ," ಎನ್ನುತ್ತಿದ್ದರು.

ಆಸ್ಪತ್ರೆಗೆ ಹೋಗುವಾಗ ಬೀಗದ ಕೈ ನನಗೆ ಕೊಟ್ಟರು. "ದಿನಾ ಒಂದೊಂದು ಚಮಚ ಹಸಿರು ನೀರು ಹಾಕು, ಮೀನಿಗೂ ಇವನ್ನ ಒಂದಿಷ್ಟು ಬಿಡು. ಮುಚ್ಚಳ ಬಿಗಿ ಮಾಡಬ್ಯಾಡ, ಅವಕ್ಕೂ ಉಸಿರು ಬೇಕಲ್ಲ."

ಮೂರನೇ ದಿನ ಡೆಂಗಿ ತಪಾಸಣೆಯವರು ಬಂದರು. ನಿಂತ ನೀರಿನಲ್ಲಿ ಹುಳ ಕಂಡು, ಯಾರದಿದು ಎಂದು ಕೇಳಿದರು.

"ಮುದುಕಪ್ಪ ಸೊಳ್ಳಿ ಸಾಕ್ಯಾನ ನೋಡ್ರಿ," ಎಂದಳು ಪಕ್ಕದ ಮನೆಯಾಕೆ. ಎಲ್ಲರೂ ನಕ್ಕರು. ಅವು ಸೊಳ್ಳೆಯ ಮರಿಗಳಲ್ಲ ಎಂದು ಗೊತ್ತಿದ್ದ ನಾನೂ ನಕ್ಕೆ. ಆಮೇಲೆ ನಾನೇ ಆರೂ ಬಾಟಲಿಗಳನ್ನು ಮೋರಿಗೆ ಸುರಿದೆ.

ಸಂಜೆ ಅವರ ಫೋನ್ ಬಂತು. "ಹಸಿರು ಹೆಂಗೈತಿ ತಂಗಿ?"

"ಗಟ್ಟಿ ಐತ್ರಿ ಕಾಕಾ."

"ಹಂಗಾರ ಹೊಟ್ಟಿ ತುಂಬೇತಿ," ಎಂದು ಸಮಾಧಾನದಿಂದ ನಕ್ಕರು. ಮತ್ತೆ ಅವರ ಧ್ವನಿ ಕೇಳಲಿಲ್ಲ.

ಅವರ ದೇಹವನ್ನು ಮನೆಗೆ ತಂದು ಮಲಗಿಸಿದ ದಿನ ಹಾಲ್ ತುಂಬ ಜನ ಕುಳಿತಿದ್ದರು. ಅವರು ದಿನವೂ ಕೊಪೆಪಾಡ್ ಬಿಡುತ್ತಿದ್ದ ಮೂಲೆಯಲ್ಲೇ ಮೀನು ಗಾಜಿಗೆ ಬಾಯಿ ಹಚ್ಚಿ ನಿಂತಿತ್ತು. ಅದರ ಹೊಟ್ಟೆ ಒಳಗೆ ಸರಿದಿತ್ತು. ನಾನು ಅದಕ್ಕೆ ಬೆನ್ನು ಮಾಡಿ ಕುಳಿತೆ.